ನಾನು ಫಜೀತಿ ಎಂದು ಕರೆದವರು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಅಂದುಕೊಂಡೆ. ತೆಗೆಸಿಯೂ ಆಯಿತು. ಆಮೇಲೆ ಮಗಳ ಮನೆಯ ಗೃಹಪ್ರವೇಶ ಮುಗಿಯಲಿ ಅಂದೆ. ಅದೂ ಮುಗಿಯಿತು. ಹೀಗೆ ಮುಂದಕ್ಕೆ ಹಾಕುತ್ತ ಹಾಕುತ್ತ, ಯಾರ ವಿಷಯ ಬರೆಯಬೇಕಿತ್ತೋ ಅವರೇ ಹೋಗಿಬಿಟ್ಟರು. ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ನಮ್ಮ ಬೀದಿಯ ತಿರುವಿನಲ್ಲಿ ಕಟ್ಟಿದ್ದ ಶ್ರದ್ಧಾಂಜಲಿಯ ಫ್ಲೆಕ್ಸನ್ನು ನಿನ್ನೆ ಸಂಜೆ ಬಿಚ್ಚಿದರು. ಬಿಚ್ಚಿ, ಸುರುಳಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ಹೋದದ್ದನ್ನು ಜಗಲಿಯ ಮೇಲೆ ಕೂತು ನೋಡಿದೆ. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ ಅನ್ನಿಸಿತು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಬಹುಪಾಲು ಮನೆಗಳಂತೆ ನಮ್ಮದೂ ಪವರ್‌ಲೂಮ್ ಮನೆ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗ ಓಡುತ್ತಿದ್ದವು. ನನ್ನ ವಯಸ್ಸಿನವರಲ್ಲಿ ಅಷ್ಟು ಓದಿದವರು ಬೀದಿಯಲ್ಲಿ ಕಡಿಮೆ. ಆದ್ದರಿಂದ ಅರ್ಜಿ ಬರೆಯುವುದು, ರೇಷನ್ ಕಾರ್ಡಿನ ಫಾರಂ ತುಂಬುವುದು, ಲಗ್ನಪತ್ರಿಕೆಗೆ ಹೆಸರುಗಳನ್ನು ಜೋಡಿಸಿಕೊಡುವುದು ಇವೆಲ್ಲ ನನ್ನ ಪಾಲಿಗೆ ಬಂದವು. ಯಾರ ಹೆಸರು ಮೇಲೆ ಬರಬೇಕು, ಯಾರದು ಕೆಳಗೆ, ಯಾರದು ಬಿಟ್ಟುಹೋದರೆ ಮದುವೆಗೇ ಬರುವುದಿಲ್ಲ ಎನ್ನುವುದೆಲ್ಲ ನನಗೆ ಗೊತ್ತಿರುತ್ತದೆ ಎಂದು ಜನ ನಂಬಿದ್ದರು. ಅಂಥ ನಾನೇ ಒಬ್ಬರ ಹೆಸರನ್ನು ಬೀದಿಯ ಬಾಯಿಂದ ಅಳಿಸಿಹಾಕಿದೆ.

ಅವರು ನನಗಿಂತ ಐದು ವರ್ಷ ದೊಡ್ಡವರು. ಎದುರಿಗೆ ಸಿಕ್ಕಾಗ ‘ಅಣ್ಣ’ ಎನ್ನುತ್ತಿದ್ದೆ. ಅವರು ಬೆನ್ನು ತಿರುಗಿಸಿದ ಮೇಲೆ ಏನನ್ನುತ್ತಿದ್ದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅವರ ಕೆಲಸ ಹಾಸು ಕೂಡಿಸುವುದು. ಮಗ್ಗದ ಮೇಲೆ ಉದ್ದಕ್ಕೆ ಹಾಸಿರುವ ಎಳೆಗಳಿಗೆ ನಾವು ಹಾಸು ಎನ್ನುತ್ತೇವೆ. ಒಂದು ಹಾಸಿನ ಸೀರೆಗಳೆಲ್ಲ ನೇಯ್ದು ಮುಗಿದಾಗ, ಹೊಸ ಹಾಸನ್ನು ತಂದು, ಹಳೆಯದರ ಒಂದೊಂದು ಎಳೆಗೆ ಹೊಸದರ ಒಂದೊಂದು ಎಳೆಯನ್ನು ಬೆರಳಲ್ಲೇ ಹೊಸೆದು ಸೇರಿಸಬೇಕು. ಸಾವಿರಾರು ಎಳೆಗಳು. ಕೂದಲಿಗಿಂತ ಸಣ್ಣವು. ಅವರು ಮಗ್ಗದ ಹಿಂದೆ ಒಂದು ಮಣೆ ಹಾಕಿಕೊಂಡು, ತೆಂಗಿನ ಚಿಪ್ಪಿನಲ್ಲಿ ಬೂದಿ ಇಟ್ಟುಕೊಂಡು ಕೂತರೆ ಮಧ್ಯಾಹ್ನದ ಊಟದವರೆಗೂ ತಲೆ ಎತ್ತುತ್ತಿರಲಿಲ್ಲ. ಎಳೆ ಜಾರದಿರಲೆಂದು ಬೂದಿಯಲ್ಲಿ ಬೆರಳು ಅದ್ದುವುದು, ಎರಡು ಎಳೆ ಹಿಡಿಯುವುದು, ಹೆಬ್ಬೆರಳು ಒಂದು ಸಲ ಹಿಂದೆ, ಒಂದು ಸಲ ಮುಂದೆ. ಆಯಿತು, ಮುಂದಿನದು. ಗಂಟು ಕಾಣಬಾರದು. ಕಂಡರೆ ಎಳೆಗಳು ಹಾದುಹೋಗುವ ಅಚ್ಚಿನ ಹಲ್ಲಿನಲ್ಲಿ ಸಿಕ್ಕಿಕೊಂಡು ಎಳೆ ಹರಿಯುತ್ತದೆ. ಅವರು ಕೂಡಿಸಿದ ಹಾಸಿನಲ್ಲಿ ಎಳೆ ಹರಿದದ್ದನ್ನು ನಾನು ಕಂಡಿಲ್ಲ.

ಕೆಲಸವಿಲ್ಲದಾಗಲೂ ಆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ, ಯಾರದೋ ಮಾತು ಕೇಳುವಾಗ, ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ಹೊಸೆಯುತ್ತಿತ್ತು.

ಹಾಸು ಕೂಡಿಸುವವರು ಎಲ್ಲರ ಮನೆಗೂ ಹೋಗುತ್ತಾರೆ. ಮಗ್ಗದ ಹಿಂದೆ ಕೂತ ಮನುಷ್ಯ ಒಳಗಿರುವವರ ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಹೊತ್ತಾದರೆ ಅವರು ಇದ್ದಾರೆಂಬುದೇ ಮರೆತುಹೋಗುತ್ತದೆ. ಕರೆಂಟ್ ಹೋಗಿ ಉಳಿದ ಮಗ್ಗಗಳು ನಿಂತಾಗ ಗಂಡ ಹೆಂಡತಿ ಜಗಳ, ಅತ್ತೆ ಸೊಸೆಯ ಮೂದಲಿಕೆ, ನೆಂಟರು ಬಂದಾಗ ಅಕ್ಕಿ ಡಬ್ಬಿಯ ತಳ ಕೆರೆಯುವ ಸದ್ದು, ಎಲ್ಲವೂ ಅವರ ಕಿವಿಗೆ ಬೀಳುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ ನಮ್ಮ ಶೆಡ್ಡಿನಲ್ಲೇ ನಾನೂ ನನ್ನ ಹೆಂಡತಿಯೂ ಕಿತ್ತಾಡುತ್ತ, ನಾನು ಕೈ ಎತ್ತುವ ಹಂತಕ್ಕೆ ಹೋದೆ. ಆಗ ಮಗ್ಗದ ಹಿಂದಿನಿಂದ ಕೆಮ್ಮು ಕೇಳಿಸಿತು. ಇಬ್ಬರೂ ಕಲ್ಲಾದೆವು.

“ತಾಯಿ, ಇಲ್ಲಿ ಎಳೆ ಸಿಕ್ಕಾಕ್ಕೊಂಡು ಒಳ್ಳೆ ಫಜೀತಿ ಆಗೋಗದೆ ನಂಗೆ. ಒಂದ್ ಮಾತೂ ಕೇಳಿಸ್ತಿಲ್ಲ. ಒಂಚೂರು ನೀರ್ ಕೊಡ್ತೀಯಾ?” ಎಂದರು.

ನನ್ನ ಹೆಂಡತಿ ನೀರು ತರಲು ಒಳಗೆ ಹೋದಳು. ಎತ್ತಿದ ಕೈಯಿಂದ ನಾನು ತಲೆ ಕೆರೆದುಕೊಂಡೆ. ಆಮೇಲೆ ಹೋಗಿ ನೋಡಿದರೆ ಒಂದು ಎಳೆಯೂ ಸಿಕ್ಕಾಗಿರಲಿಲ್ಲ.

ಆ ಪದವನ್ನು ಅವರು ಹಾಗೆಯೇ ಬಳಸುತ್ತಿದ್ದರು. ನಾವೆಲ್ಲ ಫಜೀತಿ ಅನ್ನುವುದು ನಮ್ಮ ಗೋಳು ಹೇಳಿಕೊಳ್ಳಲು, ಇಲ್ಲವೇ ಇನ್ನೊಬ್ಬರನ್ನು ಆಡಿಕೊಳ್ಳಲು. “ನೆಂಟ್ರು ಬಂದ್ರು, ಗ್ಯಾಸ್ ಮುಗ್ದೋಯ್ತು, ನನ್ ಫಜೀತಿ ಕೇಳ್ಬೇಡ” ಎನ್ನುತ್ತೇವೆ. “ಅವನ ಫಜೀತಿ ನೋಡ್ಬೇಕಿತ್ತು ನೀನು” ಎನ್ನುತ್ತೇವೆ. ಅವರು ಮಾತ್ರ ಬೇರೆಯವರ ಫಜೀತಿಯನ್ನು ತಮ್ಮ ಮೇಲೆ ಎಳೆದುಕೊಳ್ಳಲು ಆ ಪದ ಬಳಸುತ್ತಿದ್ದರು. ಪಂಕ್ತಿಯಲ್ಲಿ ಕೂತ ಮುದುಕರೊಬ್ಬರ ಕೈ ನಡುಗಿ ಸಾರು ಚೆಲ್ಲಿದರೆ, ಪಕ್ಕದಲ್ಲಿದ್ದ ಇವರು “ಅಯ್ಯೋ, ನನ್ ಮೊಣಕೈ ತಾಗ್ಬಿಡ್ತು, ಎಂಥ ಫಜೀತಿ ಮಾಡ್ಬಿಟ್ಟೆ” ಎಂದು ತಾವೇ ಒರೆಸುತ್ತಿದ್ದರು. ಜನ ನಕ್ಕರೆ ಇವರನ್ನು ನೋಡಿ ನಗುತ್ತಿದ್ದರು. ಮುದುಕರು ಊಟ ಮುಂದುವರಿಸುತ್ತಿದ್ದರು.

ಒಂದು ದಿನ ಕರೆಂಟ್ ಹೋಗಿ ಇಡೀ ಬೀದಿಯ ಮಗ್ಗಗಳು ನಿಂತಿದ್ದವು. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೇನೇ ನಿಧಾನವಾಗಿ ಮಾತಾಡಲು ಸಾಧ್ಯ. ಉಳಿದ ಹೊತ್ತೆಲ್ಲ ಕೂಗಾಟ. ಜಗಲಿಯ ಮೇಲೆ ಕೂತಿದ್ದಾಗ ನಾನು ಅವರನ್ನು ಕೇಳಿದೆ: “ಅಲ್ಲ ಅಣ್ಣ, ಕಷ್ಟಕ್ಕೂ ಫಜೀತಿಗೂ ಏನು ವ್ಯತ್ಯಾಸ?”

ಅವರು ಬೆರಳು ಹೊಸೆಯುತ್ತಲೇ ಹೇಳಿದರು: “ಕಷ್ಟ ಒಬ್ನೇ ಇದ್ರೂ ಕಷ್ಟಾನೇ ಕಣಪ್ಪ. ಫಜೀತಿಗೆ ಇಬ್ರು ಬೇಕು. ಪಡೋನೊಬ್ಬ, ನೋಡೋನೊಬ್ಬ. ನೋಡೋನು ಮಖ ಆ ಕಡೆ ತಿರುಗ್ಸಿದ್ರೆ ಮುಗ್ದೋಯ್ತು, ಅಲ್ಲಿ ಫಜೀತೀನೇ ಇಲ್ಲ.”

ಹೈಸ್ಕೂಲಿನಲ್ಲಿ ನಾನು ಕಲಿತ ಯಾವ ಪದದ ಅರ್ಥವೂ ನನಗೆ ಇಷ್ಟು ಸ್ಪಷ್ಟವಾಗಿ ನೆನಪಿಲ್ಲ. ಆದರೂ ನಾನು ಮಾಡಿದ್ದು ಅದರ ಉಲ್ಟಾ.

ಅದು ಶುರುವಾದದ್ದು ಒಂದು ಮದುವೆಯಿಂದ. ನಮಗಿಬ್ಬರಿಗೂ ಬೇಕಾದ ಒಬ್ಬ ಮಗ್ಗದ ಯಜಮಾನರ ಮಗನ ಮದುವೆ ದೇವನಹಳ್ಳಿಯಲ್ಲಿತ್ತು. ಇಬ್ಬರೂ ಸೇರಿ ಒಂದು ಗೋಡೆ ಗಡಿಯಾರ ತೆಗೆದುಕೊಂಡು ಬಸ್ಸಿನಲ್ಲಿ ಹೋದೆವು. ಅಲ್ಲಿ ಒಂದರ ಪಕ್ಕ ಒಂದು ಎರಡು ಕಲ್ಯಾಣಮಂಟಪಗಳು, ಎರಡರಲ್ಲೂ ವಾಲಗ, ಎರಡರ ಮುಂದೆಯೂ ಜನ. ಬಸ್ಸು ತಡವಾಗಿತ್ತು. “ಇದೇ ಕಣಣ್ಣ, ಬಾ” ಎಂದು ನಾನು ಮುಂದೆ ನುಗ್ಗಿದೆ. ಬಾಗಿಲಲ್ಲಿ ಹೂವಿನ ಅಕ್ಷರದಲ್ಲಿ ಹೆಣ್ಣು ಗಂಡಿನ ಹೆಸರು ಬರೆದಿತ್ತು. ಓದು ಬಲ್ಲವನು ನಾನು. ಓದದೆ ಹೋದವನೂ ನಾನೇ. ಅವರಿಗೆ ಸಹಿಯಷ್ಟೇ ಬರುತ್ತಿತ್ತು.

ಸಾಲಿನಲ್ಲಿ ನಿಂತು, ವೇದಿಕೆ ಹತ್ತಿ, ಗಡಿಯಾರ ಕೈಗೆ ಕೊಟ್ಟು, ಫೋಟೋಗೆ ನಿಂತ ಮೇಲೆ ನಾನು ಗಂಡಿನ ಮುಖ ನೋಡಿದೆ. ಯಾರೋ! ಪಕ್ಕಕ್ಕೆ ತಿರುಗಿ ಇವರ ಮುಖ ನೋಡಿದೆ. ಇವರು ಹುಡುಗನ ತಲೆಯ ಮೇಲೆ ಕೈಯಿಟ್ಟು, “ನೂರ್ಕಾಲ ಚೆನ್ನಾಗಿರಪ್ಪ” ಎಂದು ಹರಸಿ ನಿಧಾನವಾಗಿ ಕೆಳಗಿಳಿದರು. ನಾನು ಹಿಂದೆಯೇ ಇಳಿದು ಅವರ ತೋಳು ಹಿಡಿದೆ.

“ಅಣ್ಣ, ಗಡಿಯಾರ?”

“ಗಡಿಯಾರಕ್ಕೇನಪ್ಪ, ಯಾರ ಮನೇಲಿದ್ರೂ ಅಷ್ಟೇ ಗಂಟೆ ತೋರ್ಸುತ್ತೆ. ನಡಿ.”

ಪಕ್ಕದ ಮಂಟಪಕ್ಕೆ ಬರಿಗೈಯಲ್ಲಿ ಹೋದೆವು. ಯಜಮಾನರು “ಏನ್ರಪ್ಪ ಇಷ್ಟೊತ್ತು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: “ನಂಗೆ ಅಕ್ಷರ ಬರಲ್ವಲ್ಲ ಯಜಮಾನ್ರೇ, ಪಕ್ಕದ್ ಮಂಟಪಕ್ಕೆ ಇವನ್ನೂ ಎಳ್ಕೊಂಡ್ ಹೋಗ್ಬಿಟ್ಟೆ. ಅಲ್ಲೇ ಉಡುಗೊರೆನೂ ಕೊಟ್ಬಿಟ್ವಿ. ಫಜೀತಿ ಆಗೋಯ್ತು.” ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಅವತ್ತು ನನ್ನ ಮರ್ಯಾದೆ ಉಳಿಯಿತು. ಆದರೆ ಮನುಷ್ಯನ ಮನಸ್ಸು ಎಂಥದ್ದು ನೋಡಿ. ಉಳಿಸಿದವರನ್ನು ಕಂಡರೆ ಒಳಗೆ ಒಂದು ಮುಳ್ಳು. ಇವರಿಗೆ ಗೊತ್ತಿದೆಯಲ್ಲ ಎಂಬ ಮುಳ್ಳು. ಮಾರನೆಯ ದಿನ ಟೀ ಅಂಗಡಿಯಲ್ಲಿ ನಾನೇ ಆ ಕಥೆ ಎತ್ತಿದೆ. ಅವರು ಹೇಳಿದ್ದ ರೀತಿಯಲ್ಲೇ ಹೇಳಿದೆ, ಇನ್ನಷ್ಟು ಸೇರಿಸಿ. “ನಾನು ಬೇಡ ಬೇಡ ಅಂತ ಹಿಂದಕ್ಕೆ ಎಳೀತೀನಿ, ಅವನು ಕೇಳ್ಬೇಕಲ್ಲ! ಸ್ಟೇಜ್ ಮೇಲೆ ಹೋಗಿ ಯಾರ್ದೋ ಮದ್ವೆಗೆ ಆಶೀರ್ವಾದ! ಕೇಳಿದ್ರೆ ಫಜೀತಿ ಆಗೋಯ್ತು ಅಂತಾನೆ. ಲೇ, ಅವನಿಗೆ ಫಜೀತಿ ಆಗೋದಲ್ಲ ಕಣ್ರೋ, ಅವನೇ ಒಂದು ಫಜೀತಿ!”

ಅವತ್ತು ಬಿತ್ತು ಆ ಹೆಸರು. ವಾರದೊಳಗೆ ಬೀದಿಯೆಲ್ಲ ಹಬ್ಬಿತು. “ಫಜೀತೀನ ಕರೀರಿ, ಹಾಸು ಮುಗ್ದಿದೆ.” “ಫಜೀತಿ ಇವತ್ತು ಯಾರ ಮನೇಲಿ?” ಮೊಬೈಲುಗಳು ಬಂದ ಮೇಲೆ ಎಲ್ಲರ ಫೋನಿನಲ್ಲೂ ಅವರು ಅದೇ ಹೆಸರಿನಿಂದ ಇದ್ದರು. ಹೊಸದಾಗಿ ಬಂದ ಸೊಸೆಯರು, ಹುಟ್ಟಿದ ಮಕ್ಕಳು, ಅವರಿಗೆ ಬೇರೆ ಹೆಸರೊಂದಿದೆ ಎಂದೇ ತಿಳಿಯದೆ ಬೆಳೆದರು. ಹಳಬರೂ ಮರೆತರು. ರೇಷನ್ ಕಾರ್ಡಿನ ಫಾರಂ ತುಂಬಿದ್ದ ನನಗೆ ಗೊತ್ತಿತ್ತು.

ಅವರು ಒಂದು ದಿನವೂ ಬೇಡ ಎನ್ನಲಿಲ್ಲ. ಕರೆದರೆ ‘ಓ’ ಎನ್ನುತ್ತಿದ್ದರು. ಅವರ ಹೆಂಡತಿ ಒಮ್ಮೆ ನಮ್ಮ ಮನೆಯವಳ ಹತ್ತಿರ, “ನಮ್ಮನೆಯೋರ್ಗೂ ಹೆತ್ತೋರು ಒಂದು ಹೆಸರಿಟ್ಟವ್ರೆ ಕಣಕ್ಕ” ಎಂದರಂತೆ. ನಮ್ಮವಳು ಅದನ್ನು ನನಗೆ ಹೇಳಿದಾಗ, “ತಮಾಷೆಗೆ ಅಂದಿದ್ದು ಬಿಡೇ” ಎಂದೆ. ಅವರ ಒಬ್ಬಳೇ ಮಗಳು ಸ್ಕೂಲಿನಿಂದ ಅಳುತ್ತ ಬಂದದ್ದೂ ನನಗೆ ಗೊತ್ತಿತ್ತು. ತಂದೆಯ ಹೆಸರು ಹೇಳು ಎಂದಾಗ ಹಿಂದಿನ ಬೆಂಚಿನಿಂದ ಯಾರೋ ‘ಫಜೀತಿ’ ಎಂದು ಕೂಗಿದ್ದರಂತೆ.

ಆ ಮಗಳಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಆಗಲೂ ಕರೆಂಟ್ ಇರಲಿಲ್ಲ. ಬಂದವರು ಕೂರಲಿಲ್ಲ. ಕಂಬಕ್ಕೆ ಒರಗಿ ನಿಂತರು.

“ಮಗೂಗೆ ಒಂದು ಕಡೆಯಿಂದ ಬಂದದೆ ಕಣಪ್ಪ. ಸೋಂಪುರದಲ್ಲಿ ಫ್ಯಾಕ್ಟ್ರಿ ಕೆಲ್ಸ ಹುಡುಗನ್ಗೆ. ನಮ್ಮೋರೇ. ಒಳ್ಳೆ ಜನ ಅಂತ ಕೇಳ್ದೆ. ಮಗೂಗೂ ಫೋಟೋ ನೋಡಿ ಮನಸ್ಸಾಗದೆ.”

“ಒಳ್ಳೇದಾಯ್ತಲ್ಲ ಅಣ್ಣ!”

“ಮನೆಗೆ ಬರೋ ಮುಂಚೆ ಒಂದಿನ ಬೀದೀಲಿ ವಿಚಾರ್ಸಕ್ಕೆ ಬರ್ತಾರಂತೆ. ಯಾವತ್ತು ಅಂತ ಹೇಳಲ್ಲ, ಗೊತ್ತಲ್ಲ.”

ಗೊತ್ತಿತ್ತು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಹೀಗೆ ಮಾಡುತ್ತಾರೆ. ಗಂಡಿನ ಕಡೆಯ ಇಬ್ಬರು ಹಿರಿಯರು ಹೇಳದೆ ಕೇಳದೆ ಬಂದು, ಟೀ ಅಂಗಡಿಯಲ್ಲಿ, ಅಕ್ಕಪಕ್ಕದಲ್ಲಿ, ಆ ಮನೆಯವರು ಹೇಗೆ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಬೀದಿ ಒಳ್ಳೆಯ ಮಾತು ಹೇಳಿದರೆ ಮುಂದಿನ ಹೆಜ್ಜೆ. ಇಲ್ಲದಿದ್ದರೆ ಕಾರಣವನ್ನೂ ಹೇಳದೆ ಸುಮ್ಮನಾಗುತ್ತಾರೆ.

“ನನ್ನ ಕೇಳ್ತಾರಾ? ನಾನ್ ಹೇಳ್ತೀನಿ ಬಿಡಣ್ಣ. ಚಿನ್ನದಂಥ ಮನೆ ಅಂತೀನಿ.”

“ಚಿನ್ನ ಗಿನ್ನ ಏನೂ ಬೇಡಪ್ಪ.” ಅವರ ಹೆಬ್ಬೆರಳು ಹೊಸೆಯುತ್ತಿತ್ತು. “ಅವತ್ತೊಂದಿನ ನನ್ ಹೆಸರು ಹಿಡ್ದು ಹೇಳು. ಅಷ್ಟು ಮಾಡು. ಬೀದೀಲಿ ನನ್ ಹೆಸರು ಗೊತ್ತಿರೋನು ನೀನೊಬ್ನೇ.”

ಅಷ್ಟು ವರ್ಷಗಳಲ್ಲಿ ಅವರು ಆ ಹೆಸರಿನ ಬಗ್ಗೆ ನನ್ನ ಹತ್ತಿರ ಆಡಿದ ಮಾತು ಅದೊಂದೇ. ನಾನು ಅವರ ಕೈ ಹಿಡಿದು ಮಾತು ಕೊಟ್ಟೆ.

ಹತ್ತು ದಿನವಾಗಿರಬಹುದು. ಬೆಳಗಿನ ಒಂಬತ್ತೂವರೆ ಹೊತ್ತು. ಟೀ ಅಂಗಡಿಯಲ್ಲಿ ನಾವು ನಾಲ್ಕೈದು ಜನ ನಿಂತಿದ್ದೆವು. ಇಬ್ಬರು ಅಪರಿಚಿತರೂ ಟೀ ಕುಡಿಯುತ್ತಿದ್ದರು. ನಾನು ಅವರನ್ನು ಗಮನಿಸಲಿಲ್ಲ. ಮಾತಿಗೆ ಮಾತು ಬಂದು ಆ ಗಡಿಯಾರದ ಕಥೆ ಬಂತು. ನಾನು ಹೇಳಿದೆ, ಎಲ್ಲರೂ ನಕ್ಕರು, ಆ ಇಬ್ಬರೂ ನಕ್ಕರು. ಲೋಟ ಇಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರು ಸೋಂಪುರದ ಕಡೆಯವರು ಎಂದು ನನಗೆ ತಿಳಿದದ್ದು ಆಮೇಲೆ, ಮಧ್ಯಸ್ಥಿಕೆಯವರು ಬಂದು “ಅವ್ರು ಬೇಡ ಅಂದ್ಬಿಟ್ರು, ಬೀದೀಲೇ ಆಡ್ಕೊಂಡ್ ನಗೋ ಮನೆಯಂತಲ್ಲ” ಎಂದು ಹೇಳಿಹೋದ ಮೇಲೆ.

ಹೀಗೆಂದು ನಾನು ಹತ್ತೊಂಬತ್ತು ವರ್ಷ ನನ್ನ ಹೆಂಡತಿಗೂ ಹೇಳಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ.

ಅದಾಗಿ ಒಂದು ವಾರಕ್ಕೆ ನಮ್ಮ ಮನೆಯ ಎರಡನೇ ಮಗ್ಗದ ಹಾಸು ಮುಗಿಯಿತು. ಅವರನ್ನು ಕರೆಯದೆ ವಿಧಿಯಿಲ್ಲ. ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಎಂದಿನಂತೆ ಮಣೆ ಹಾಕಿಕೊಂಡು ಕೂತರು. ಉಳಿದ ಮೂರು ಮಗ್ಗಗಳನ್ನು ನಿಲ್ಲಿಸಿ, ನಾನು ಹೋಗಿ ಅವರ ಹಿಂದೆ ನಿಂತೆ. ಶೆಡ್ಡು ನಿಶ್ಶಬ್ದವಾಗಿತ್ತು. ಯಾಕೆ ನಿಲ್ಲಿಸಿದ್ದೇನೆಂದು ಅವರಿಗೆ ಗೊತ್ತಾಗದೆ ಇರಲಿಲ್ಲ.

“ಅಣ್ಣ, ಅವತ್ತು ಟೀ ಅಂಗಡೀಲಿ...”

ಅವರು ತಿರುಗಲಿಲ್ಲ. “ಎಳೆ ಸಿಕ್ಕಾಕ್ಕೊಂಡದೆ ಕಣಪ್ಪ ಇಲ್ಲಿ” ಎಂದರು. “ಒಂದ್ ಮಾತೂ ಕೇಳಿಸ್ತಿಲ್ಲ. ಬೂದಿ ಮುಗೀತು, ಒಂಚೂರು ತಂದ್ಕೊಡ್ತೀಯಾ?”

ಚಿಪ್ಪಿನಲ್ಲಿ ಬೂದಿ ತುಂಬಿತ್ತು. ನಾನು ನೋಡಿದೆ.

ಆಗ ನಾನು ಅಲ್ಲೇ ನೆಲದ ಮೇಲೆ ಕೂರಬೇಕಿತ್ತು. ಕೇಳಿಸದಿದ್ದರೂ ಹೇಳುತ್ತೇನೆ ಅನ್ನಬೇಕಿತ್ತು. ನಾನು ಬೂದಿ ತರಲು ಹೋದೆ. ತಂದುಕೊಟ್ಟೆ. ಮಗ್ಗಗಳನ್ನು ಮತ್ತೆ ಓಡಿಸಿದೆ. ಎದೆಯ ಮೇಲಿನ ಕಲ್ಲು ಇಳಿದಂತೆ ನಿರಾಳವಾಗಿತ್ತು. ಆ ನಿರಾಳವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಮೇಲೆ ಎರಡು ಕಡೆಯಿಂದ ಸಂಬಂಧಗಳು ಬಂದವು, ಹೋದವು. ಕಾರಣ ಏನೋ, ನಾನು ಕೇಳಲಿಲ್ಲ. ಮೂರನೆಯ ಸಲ ಹುಡುಗಿಯೇ, “ಇನ್ ಯಾರ್ ಮುಂದೂ ಕಾಫಿ ತಟ್ಟೆ ಹಿಡ್ಕೊಂಡ್ ನಿಂತ್ಕೊಳಲ್ಲ” ಎಂದುಬಿಟ್ಟಳಂತೆ. ಗಾರ್ಮೆಂಟ್ಸ್‌ಗೆ ಸೇರಿದಳು. ಹೊಲಿಗೆ ಮಷಿನ್ನಿನಿಂದ ಶುರುಮಾಡಿ ಈಗ ಒಂದು ಸಾಲಿಗೆಲ್ಲ ಸೂಪರ್‌ವೈಸರ್. ಅಪ್ಪ ಅಮ್ಮನನ್ನು ಅವಳೇ ನೋಡಿಕೊಂಡಳು. ಬೀದಿಯಲ್ಲಿ ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು. ಉಳಿದವಕ್ಕೆ ಹಾಸು ಕೂಡಿಸುವ ಮಷಿನ್ ಬಂತು. ಅವರು ಕೊನೆಯ ವರ್ಷಗಳಲ್ಲಿ ಜಗಲಿಯ ಮೇಲೆ ಕೂತು ಬರಿಗಾಳಿಯನ್ನೇ ಹೊಸೆಯುತ್ತಿದ್ದರು. ನಾನು ಹೋದರೆ ಮಗಳು ಕಾಫಿ ಕೊಡುತ್ತಿದ್ದಳು. ಒಂದು ದಿನವೂ ಮುಖ ಗಂಟು ಹಾಕಿದ್ದಿಲ್ಲ. ಇವಳಿಗೆ ಏನೂ ಗೊತ್ತಿಲ್ಲ ಅಂದುಕೊಂಡು ನಾನು ಕಾಫಿ ಕುಡಿದು ಬರುತ್ತಿದ್ದೆ.

ಅವರು ಹೋದ ದಿನ ಅವರ ತಮ್ಮನ ಮಗ ಬಂದ. ಆಟೋ ಓಡಿಸುತ್ತಾನೆ, ಮೂವತ್ತು ದಾಟಿದವನು.

“ಚಿಕ್ಕಪ್ಪ, ಫ್ಲೆಕ್ಸ್ ಮಾಡಿಸ್ಬೇಕು. ದೊಡ್ಡಪ್ಪನ ಹೆಸರು ಸರಿಯಾಗಿ ಬರ್ಕೊಡ್ತೀರಾ? ಒತ್ತು ಗಿತ್ತು ತಪ್ಪಾದ್ರೆ ಅಕ್ಕ ಬಯ್ತಾಳೆ.”

ನಾನು ಬರೆದುಕೊಟ್ಟೆ. ಅವನು ಓದಿ ತಲೆ ಕೆರೆದುಕೊಂಡ. “ಬರೀ ಇದ್ ಹಾಕಿದ್ರೆ ಯಾರು ಅಂತ ಯಾರ್ಗೂ ಗೊತ್ತಾಗಲ್ಲ ಚಿಕ್ಕಪ್ಪ. ಕೆಳಗೆ ಉರುಫ್ ಫಜೀತಿ ಅಂತ ಹಾಕ್ಲಾ?”

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದ. “ನಿಮ್ಮ ಇಷ್ಟ” ಎಂದೆ.

ಮಾರನೆಯ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಅವರ ದೊಡ್ಡ ಮುಖ, ಸುತ್ತ ದೀಪಗಳ ಚಿತ್ರ, ಕೆಳಗೆ ಹೆಸರು, ಹೆಸರಿನ ಕೆಳಗೆ ನಾನಿಟ್ಟ ಹೆಸರು. ಅದರ ಮುಂದೆ ಅವರ ಮಗಳು ಒಬ್ಬಳೇ ನಿಂತಿದ್ದಳು. ಕೈಯಲ್ಲಿ ಒಂದು ಬಿಳಿ ಬಟ್ಟೆಯ ಪಟ್ಟಿ, ಅಂಟಿನ ಡಬ್ಬಿ. ಟೀ ಅಂಗಡಿಯಿಂದ ಸ್ಟೂಲ್ ತಂದು ಹಾಕಿಕೊಂಡಿದ್ದಳು. ನನ್ನನ್ನು ಕಂಡಳು.

“ಬನ್ನಿ ಚಿಕ್ಕಪ್ಪ. ಸ್ಟೂಲ್ ಅಲ್ಲಾಡುತ್ತೆ, ಒಂಚೂರು ಹಿಡ್ಕೊಳ್ಳಿ.”

ಹಿಡಿದುಕೊಂಡೆ. ಅವಳು ಹತ್ತಿ ಆ ಎರಡು ಪದಗಳ ಮೇಲೆ ಬಟ್ಟೆಯ ಪಟ್ಟಿಯನ್ನು ಅಂಚು ಹಿಡಿದು, ಸುಕ್ಕಿಲ್ಲದಂತೆ ಅಂಟಿಸಿದಳು. ಹೆಬ್ಬೆರಳಲ್ಲಿ ಉಜ್ಜಿದಳು, ಒಂದು ಸಲ ಹಿಂದೆ, ಒಂದು ಸಲ ಮುಂದೆ. ನನಗೆ ತಡೆಯಲಾಗಲಿಲ್ಲ.

“ಆ ಹೆಸರು ಇಟ್ಟೋನು ನಾನೇ ಕಣಮ್ಮ.”

“ಗೊತ್ತು ಚಿಕ್ಕಪ್ಪ.”

“ಅಷ್ಟೇ ಅಲ್ಲಮ್ಮ. ಸೋಂಪುರದೋರು ಬಂದಿದ್ರಲ್ಲ, ಅವತ್ತು...”

“ಅವತ್ತು ನಾನು ಟೀ ಅಂಗಡಿ ಪಕ್ಕದ ನಲ್ಲೀಲಿ ನೀರ್ ಹಿಡೀತಿದ್ದೆ.” ಅವಳು ಕೆಳಗೆ ನೋಡದೆಯೇ ಹೇಳಿದಳು. “ಎಲ್ಲಾ ಕೇಳಿಸ್ತು.”

ನಾನು ಸ್ಟೂಲನ್ನು ಇನ್ನೊಂದು ಕೈಯಿಂದಲೂ ಹಿಡಿದುಕೊಂಡೆ.

ಅವಳು ಕೇಳಿಸಿಕೊಂಡಿದ್ದಾಳೆ ಎಂದಾದ ಮೇಲೆ, ಹಿಂದೆ ಬರೆದದ್ದನ್ನು ನಾನು ತಿದ್ದಬೇಕು. ಆ ಇಬ್ಬರನ್ನು ನಾನು ಗಮನಿಸಲಿಲ್ಲ ಎಂಬುದು ಸುಳ್ಳು. ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಎರಡೂ ಕಡೆಯ ಮನೆಗಳನ್ನು ನೋಡುತ್ತ ಬೀದಿಯಲ್ಲಿ ನಿಧಾನವಾಗಿ ಬಂದಾಗಲೇ ನನಗೆ ಗೊತ್ತಾಗಿತ್ತು. ಅವರಲ್ಲಿ ಹಿರಿಯರು ಅಣ್ಣನ ನಿಜವಾದ ಹೆಸರು ಹೇಳಿ, “ಹಾಸು ಕೂಡಿಸ್ತಾರಂತೆ, ಅವರ ಮನೆ ಯಾವುದು, ಹೆಂಗೆ ಜನ?” ಎಂದು ಕೇಳಿದರು. ಟೀ ಅಂಗಡಿಯವನು “ಆ ಹೆಸರಿನೋರು ಈ ಬೀದೀಲಿ ಯಾರೂ ಇಲ್ವಲ್ಲ ಸ್ವಾಮಿ” ಎಂದ. ಉಳಿದವರೂ ಇಲ್ಲ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಅದೇ ನನ್ನ ಸರದಿ. ‘ಇದ್ದಾರೆ, ನಾನು ಬಲ್ಲೆ, ಬನ್ನಿ’ ಎಂದರೆ ಮುಗಿಯುತ್ತಿತ್ತು.

ನಾನು ಅಂದದ್ದು: “ಓ! ನಮ್ಮ ಫಜೀತೀನಾ!”

ನಾಲ್ಕು ಜನ ಆಗಲೇ ನಗಲು ಶುರುಮಾಡಿದ್ದರು. ಆ ನಗು ನನಗೆ ಬೇಕಾಗಿತ್ತು. ಕೈ ಹಿಡಿದು ಕೊಟ್ಟ ಮಾತು ನೆನಪಿಗೆ ಬರಲಿಲ್ಲ ಎನ್ನಲಾರೆ. ಬಂತು. ಕಥೆಯ ಅರ್ಧದಲ್ಲಿ, ಸ್ಟೇಜ್ ಹತ್ತುವ ಭಾಗಕ್ಕೆ ಬಂದಾಗ, ಆ ಹಿರಿಯರ ನಗು ಸಣ್ಣದಾಗುತ್ತಿರುವುದೂ ಕಂಡಿತು. ಆದರೂ ಕಥೆ ಮುಗಿಸಿದೆ. ಅವನೇ ಒಂದು ಫಜೀತಿ ಎನ್ನುವ ಕೊನೆಯ ಮಾತನ್ನೂ ಬಿಡಲಿಲ್ಲ.

ಸ್ಟೂಲಿನಿಂದ ಇಳಿದು ಅವಳು ಬೆರಳ ಅಂಟನ್ನು ಸೆರಗಿಗೆ ಒರೆಸಿಕೊಂಡಳು.

“ಅಪ್ಪಂಗೆ ಹೇಳಿದ್ಯಾಮ್ಮ?” ಎಂದೆ.

“ಅವತ್ತೇ ಸಂಜೆ ಹೇಳ್ದೆ. ನಿಮ್ ಮನೆಗೆ ಬಂದು ಜಗಳ ಆಡ್ತೀನಿ ಅಂತ ಹೊರಟಿದ್ದೆ. ಅಪ್ಪ ಬಾಗ್ಲಲ್ಲಿ ಅಡ್ಡ ನಿಂತ್ಕೊಂಡ್ರು.” ಅವಳು ಫ್ಲೆಕ್ಸಿನ ಮುಖ ನೋಡಿದಳು. “‘ಬೇಡ ಕಣಮ್ಮ. ಅವನು ಯಾವತ್ತಾದ್ರೂ ಮನೆಗೆ ಬಂದ್ರೆ ಕಾಫಿ ಕೊಡು. ಏನೂ ಗೊತ್ತಿಲ್ದಂಗೆ ಇದ್ಬುಡು. ಇಲ್ದಿದ್ರೆ ಅವನ್ಗೆ ಫಜೀತಿ ಆಗುತ್ತೆ’ ಅಂದ್ರು.”

ನಾನು ಹತ್ತೊಂಬತ್ತು ವರ್ಷ ಕುಡಿದ ಕಾಫಿ ಅದು.

“ನನ್ನ ಕ್ಷಮ್ಸು ಅಂತ ಕೇಳೋ ಮಖ ಇಲ್ಲಮ್ಮ” ಎಂದೆ.

“ನನ್ನ ಕೇಳ್ಬೇಡಿ ಚಿಕ್ಕಪ್ಪ. ಅಪ್ಪ ಹೇಳಿದ್ರು ಅಂತ ಕಾಫಿ ಕೊಟ್ಟೆ. ಅವರಷ್ಟು ದೊಡ್ಡೋಳಲ್ಲ ನಾನು.” ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಸ್ಟೂಲನ್ನು ಎತ್ತಿ ನನ್ನ ಕೈಗೆ ಕೊಟ್ಟಳು. “ಇದನ್ನ ಟೀ ಅಂಗಡಿಗೆ ಕೊಟ್ಬಿಡಿ.”

ಸ್ಟೂಲ್ ಹಿಡಿದುಕೊಂಡು ಟೀ ಅಂಗಡಿಗೆ ಹೋದೆ. ಅಂಗಡಿಯವನು ಈಗ ಹಳೆಯವನ ಮಗ. ಫ್ಲೆಕ್ಸಿನ ಕಡೆ ಕತ್ತು ಚಾಚಿ ಓದಿ, “ತಾತ, ಯಾರ್ದು ಈ ಹೆಸರು? ಮಖ ನೋಡಿದ್ರೆ ನಮ್ ಫಜೀತಿ ತಾತನ ಥರ ಇದೆ” ಎಂದ. ಬೆಳಗಿನ ಟೀಗೆ ನಿಂತಿದ್ದ ನಾಲ್ಕೈದು ಜನ ನನ್ನ ಮುಖ ನೋಡಿದರು. ಅದೇ ಅಂಗಡಿ, ಅದೇ ಪ್ರಶ್ನೆ. ಉತ್ತರ ಕೇಳಬೇಕಾದವರು ಮಾತ್ರ ಯಾರೂ ಇರಲಿಲ್ಲ.

ಆದರೂ ಹೇಳಿದೆ. ಅವರು ಬಯಸಿದ್ದ ಹಾಗೆ, ಹೆಸರು ಹಿಡಿದು ಹೇಳಿದೆ. ಇಲ್ಲೂ ಬರೆಯುತ್ತೇನೆ. ನಮ್ಮ ಬೀದಿಯಲ್ಲಿ ನಲವತ್ತು ವರ್ಷ ಹಾಸು ಕೂಡಿಸಿದವರು, ನಾನು ಯಾವತ್ತೂ ಕ್ಷಮೆ ಕೇಳದೆ ಹೋದವರು, ಕಾಳಪ್ಪನವರ ಮಗ ರಾಮಲಿಂಗಪ್ಪ.